ಕಾವಲು ಹಂಚುವ ಮುನ್ನ ಕೇಳಬೇಕಿತ್ತು

2023ರ ಏಪ್ರಿಲ್ 2ರ ಬೆಳಗಿನ ಹೊತ್ತು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯಿರುವ ವಾಹನವೊಂದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಚಾಲಕನಿಲ್ಲದ ಆ ವಾಹನ ತಾನೇ ದಾರಿ ಹಿಡಿದು ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ರನ್‌ವೇ ಮೇಲೆ ಇಳಿಯಿತು. ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನಕ್ಕಾಗಿ ಇಸ್ರೊ ನಡೆಸಿದ ಈ ಪ್ರಯೋಗ 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಬಾರಿ ಗೆದ್ದಿತು. ಅದೇ ರನ್‌ವೇಯಲ್ಲಿ 2016ರಲ್ಲಿ ಡಿಆರ್‌ಡಿಒದ ರುಸ್ತುಂ-2 ಮಾನವರಹಿತ ವಿಮಾನ ಮೊದಲ ಸಲ ಹಾರಿತ್ತು. ಬಯಲುಸೀಮೆಯ ತಾಲ್ಲೂಕೊಂದರ ಹೆಸರು ದೇಶದ ವಿಜ್ಞಾನದ ಸಾಧನೆಗಳ ಜೊತೆ ಸೇರಿರುವುದು ಹೆಮ್ಮೆಯ ಸಂಗತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರನ್‌ವೇಯ ಕೆಳಗಿರುವ ನೆಲ ತಲೆತಲಾಂತರದಿಂದ ಸುತ್ತಲಿನ ಹಳ್ಳಿ-ಹಟ್ಟಿಗಳ ದನಕರು, ಕುರಿಮೇಕೆ ಮೇಯುತ್ತಿದ್ದ ಅಮೃತಮಹಲ್ ಕಾವಲು. ಅಲ್ಲಿ ವಿಜ್ಞಾನ ನಗರಿ ಎದ್ದೇಳಬೇಕೆಂದು ತೀರ್ಮಾನವಾದಾಗ ಆ ನೆಲವನ್ನು ನಂಬಿ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. ನಗರ ಯೋಜನೆಯಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯ ಬಗ್ಗೆ ನಾವು ಆಡುವ ಮಾತುಗಳೆಲ್ಲ ಈ ಒಂದು ಪ್ರಕರಣದ ಮುಂದೆ ನಿಂತು ಉತ್ತರ ಹೇಳಬೇಕಾಗುತ್ತದೆ.

ಕಾವಲು ಎಂದರೆ ಯಾರೂ ನೋಡಿಕೊಳ್ಳದೆ ಬಿಟ್ಟ ಬಯಲಲ್ಲ. ಮೈಸೂರಿನ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಇಲಾಖೆ ಈ ಹುಲ್ಲುಗಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಮಂದೆಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುವ ವ್ಯವಸ್ಥೆ ಮಾಡಿತ್ತು. ಕೆರೆಕಟ್ಟೆಗಳ ಪಕ್ಕದ, ನೆರಳಿರುವ ಕಾವಲು ಬೇಸಿಗೆಗೆ. ಮಳೆ ಬಿದ್ದೊಡನೆ ಚಿಗುರುವ ಬಯಲು ಮುಂಗಾರಿಗೆ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿ ಹಬ್ಬಿದ್ದ ಈ ಕಾವಲುಗಳು ಸ್ವಾತಂತ್ರ್ಯಾನಂತರ ಸಾಗುವಳಿಗೆ, ನಿವೇಶನಕ್ಕೆ, ನೆಡುತೋಪಿಗೆ ಹಂಚಿಹೋಗಿ ತುಂಡುತುಂಡಾದವು. ಉಳಿದ ದೊಡ್ಡ ತುಂಡುಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳು ಮುಖ್ಯವಾದವು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಯಿದು. ಇಲ್ಲಿ ಬೇಸಾಯ ಮೂರು ವರ್ಷಕ್ಕೊಮ್ಮೆ ಕೈಕೊಟ್ಟರೂ ಕಾವಲಿನ ಹುಲ್ಲು ಒಂದು ಹದ ಮಳೆಗೆ ಏಳುತ್ತದೆ, ಒಣಗಿ ಕರಡವಾದ ಮೇಲೂ ತಿಂಗಳುಗಟ್ಟಲೆ ಮೇವಾಗುತ್ತದೆ. ಮೇವಿನ ಜೊತೆಗೆ ಪೊರಕೆಗೆ ಹಂಚಿಕಡ್ಡಿ, ಒಲೆಗೆ ಸೌದೆ, ಬಾರೆಹಣ್ಣು, ಔಷಧಿಯ ಬೇರುಗಳೂ ಸಿಗುತ್ತವೆ. ಕೃಷ್ಣಮೃಗಕ್ಕೆ, ತೋಳಕ್ಕೆ, ಅಳಿವಿನಂಚಿಗೆ ಬಂದಿರುವ ಹೆಬ್ಬಕ ಹಕ್ಕಿಗೆ ಬೇಕಾದದ್ದೂ ಇಂಥ ಬಯಲೇ.

ಇದು ಹಳ್ಳಿಯ ವಿಷಯ, ನಗರ ಯೋಜನೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ಚಳ್ಳಕೆರೆ ಕಂಬಳಿಯನ್ನು ಒಮ್ಮೆ ಮುಟ್ಟಿ ನೋಡಬೇಕು. ಕಾವಲಿನಲ್ಲಿ ಮೇಯುವ ದಖ್ಖನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಮನೆಯ ಹೆಣ್ಣುಮಕ್ಕಳು ಅದನ್ನು ಬಿಡಿಸಿ ರಾಟೆಯಲ್ಲಿ ನೂಲುತ್ತಾರೆ. ಹುಣಸೆಬೀಜವನ್ನು ಹುರಿದು, ಅರೆದು, ಬೇಯಿಸಿದ ಸರಿಯನ್ನು ಹಾಸುನೂಲಿಗೆ ಬಳಿದು ಬಿಸಿಲಿಗೆ ಹಿಡಿದ ಮೇಲೆ ಮಗ್ಗಕ್ಕೆ ಏರಿಸುತ್ತಾರೆ. ಮಳೆನೀರು ಇಳಿಯದಷ್ಟು ಬಿಗಿಯಾದ ಕರಿಯ ಕಂಬಳಿ ಹೀಗೆ ಹುಟ್ಟುತ್ತದೆ, ಪಟ್ಟಣದ ಸಂತೆಗೆ ಬರುತ್ತದೆ, ಅಲ್ಲಿಂದ ದೂರದ ಊರುಗಳಿಗೆ ಹೋಗುತ್ತದೆ. ಕುರಿ ಕಾಯುವವನಿಂದ ಹಿಡಿದು ಕಂಬಳಿ ವ್ಯಾಪಾರಿಯವರೆಗೆ ಈ ಸರಪಳಿಯ ಒಂದು ಕೊಂಡಿ ಬಯಲಿನಲ್ಲಿದ್ದರೆ ಇನ್ನೊಂದು ಪೇಟೆಯಲ್ಲಿದೆ. ಮೊಳಕಾಲ್ಮುರು ಮತ್ತು ಚಳ್ಳಕೆರೆಯ ಮ್ಯಾಸಬೇಡರ ದೇವರ ಎತ್ತುಗಳ ಮಂದೆಗಳೂ ಹಾಗೆಯೇ. ಉಳದ, ಮಾರದ, ಕೇವಲ ದೇವರ ಹೆಸರಿನಲ್ಲಿ ಸಾಕುವ ಆ ರಾಸುಗಳನ್ನು ಕಿಲಾರಿಗಳು ಕಾಯುವುದು ಕಾವಲು ಮತ್ತು ಅಡವಿಯ ಹುಲ್ಲನ್ನು ನಂಬಿಯೇ. 2011ರ ಜನಗಣತಿಯಲ್ಲಿ ಸುಮಾರು 55 ಸಾವಿರ ಜನರಿದ್ದ ಚಳ್ಳಕೆರೆಯ ಗಡಿಯನ್ನು ನಗರಸಭೆಯ ನಕ್ಷೆಯಲ್ಲಿ ಒಂದು ಗೆರೆ ಎಳೆದು ತೋರಿಸಬಹುದು. ಆ ಊರಿನ ಪರಿಸರದ ಗಡಿ ಮಾತ್ರ ಶೇಂಗಾ ಬೆಳೆಯುವ ಹೊಲಗಳನ್ನೂ ಕಾವಲುಗಳನ್ನೂ ವೇದಾವತಿಯ ಮರಳನ್ನೂ ಒಳಗೊಂಡು ಬಹುದೂರ ಹೋಗುತ್ತದೆ.

ಈ ನೆಲವನ್ನು ಹಂಚಿದ ಬಗೆ ನೋಡಿ. 2007ರ ಸುಮಾರಿಗೆ ಆರಂಭವಾದ ಪತ್ರವ್ಯವಹಾರ ಕೆಲವೇ ವರ್ಷಗಳಲ್ಲಿ ಮಂಜೂರಾತಿ ಆದೇಶಗಳಲ್ಲಿ ಮುಗಿಯಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ ಐನೂರಕ್ಕೂ ಹೆಚ್ಚು ಎಕರೆ, ಖಾಸಗಿ ಸೌರ ವಿದ್ಯುತ್ ಕಂಪನಿಯೊಂದಕ್ಕೆ 1,250 ಎಕರೆ. ಒಟ್ಟು ಕೂಡಿದರೆ ಒಂಬತ್ತು ಸಾವಿರ ಎಕರೆ ದಾಟುತ್ತದೆ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾಗಿ ನಗರ ಕಟ್ಟುವುದಾದರೆ ನಿಗದಿಯಾಗಿದ್ದ ಕನಿಷ್ಠ ವಿಸ್ತೀರ್ಣ 250 ಎಕರೆ. ಅಷ್ಟು ಜಾಗಕ್ಕೇ ನಾಗರಿಕರ ಅಭಿಪ್ರಾಯ ಸಂಗ್ರಹಿಸಬೇಕು, ಅದಕ್ಕೆ ಅಂಕವನ್ನೂ ಕೊಡಬೇಕು ಎಂದು ನಿಯಮ ಬರೆದ ದೇಶದಲ್ಲಿ ಅದರ ಮೂವತ್ತೈದು ಪಟ್ಟಿಗೂ ಮಿಗಿಲಾದ ನೆಲದ ಭವಿಷ್ಯ ಕಡತಗಳಲ್ಲೇ ತೀರ್ಮಾನವಾಯಿತು. ಸುತ್ತಲಿನ ಹಳ್ಳಿಗಳ ಬಹಳಷ್ಟು ಜನರಿಗೆ ಯೋಜನೆಯ ಗಾತ್ರ ಅರ್ಥವಾದದ್ದು ಬೇಲಿ ಮತ್ತು ಗೋಡೆಯ ಕೆಲಸ ಶುರುವಾದ ಮೇಲೆಯೇ. ದಿನವೂ ತುಳಿದ ದಾರಿ, ಮಂದೆ ನೀರು ಕುಡಿಯುತ್ತಿದ್ದ ಕಟ್ಟೆ, ಊರದೇವರ ಗುಡಿ ಗೋಡೆಯ ಆಚೆ ಉಳಿದವು.

ಅಧಿಕಾರಿಗಳು ಕಾನೂನು ಮುರಿದು ಹೀಗೆ ಮಾಡಿದರು ಎಂದಷ್ಟೇ ಹೇಳಿ ಮುಗಿಸಿದರೆ ರೋಗದ ಬೇರು ತಿಳಿಯುವುದಿಲ್ಲ. ಕೇಳದೇ ಇರುವುದಕ್ಕೆ ಕಾನೂನಿನಲ್ಲೇ ದಾರಿ ಇದೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಕಡ್ಡಾಯವೆನ್ನುತ್ತದೆ. ಅದೇ ಅಧಿಸೂಚನೆ ಕೆಲವು ಬಗೆಯ ಯೋಜನೆಗಳನ್ನು ಅದರಿಂದ ಹೊರಗಿಡುತ್ತದೆ. ರಾಷ್ಟ್ರದ ರಕ್ಷಣೆ, ಭದ್ರತೆ ಅಥವಾ ಆಯಕಟ್ಟಿನ ಮಹತ್ವದ್ದೆಂದು ಕೇಂದ್ರ ಸರ್ಕಾರ ಪರಿಗಣಿಸುವ ಯೋಜನೆಗಳು ಒಂದು ಗುಂಪು. ಕಟ್ಟಡ ನಿರ್ಮಾಣ, ಪ್ರದೇಶಾಭಿವೃದ್ಧಿ ಮತ್ತು ಟೌನ್‌ಶಿಪ್ ಯೋಜನೆಗಳು ಇನ್ನೊಂದು ಗುಂಪು. ಚಳ್ಳಕೆರೆಯ ವಿಜ್ಞಾನ ನಗರಿ ಒಂದು ಕಡೆಯಿಂದ ನೋಡಿದರೆ ರಕ್ಷಣಾ ಯೋಜನೆ, ಇನ್ನೊಂದು ಕಡೆಯಿಂದ ನೋಡಿದರೆ ಕ್ಯಾಂಪಸ್ಸು, ವಸತಿ, ರಸ್ತೆಗಳ ಊರು. ಎರಡು ಬಾಗಿಲೂ ಮುಚ್ಚಿದವು. ಮೂರನೆಯದು ಸಂವಿಧಾನದ 243ಎಸ್ ವಿಧಿ. 74ನೇ ತಿದ್ದುಪಡಿಯ ಮೂಲಕ ಬಂದ ವಾರ್ಡ್ ಸಮಿತಿಗಳು ಕಡ್ಡಾಯವಾಗಿರುವುದು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಚಳ್ಳಕೆರೆಯ ನಗರಸಭೆಯಾಗಲಿ, ಮೊಳಕಾಲ್ಮುರಿನ ಪಟ್ಟಣ ಪಂಚಾಯಿತಿಯಾಗಲಿ ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ಬೆಂಗಳೂರಿನ ಬಡಾವಣೆಯವರಿಗೆ ತಮ್ಮ ವಾರ್ಡಿನ ಉದ್ಯಾನದ ಬಗ್ಗೆ ಮಾತಾಡಲು ಸಂವಿಧಾನವೇ ಒಂದು ಜಗಲಿ ಕೊಟ್ಟಿದೆ. ಸಾವಿರಾರು ಎಕರೆ ಬದಲಾಗುತ್ತಿರುವ ಸಣ್ಣ ಪಟ್ಟಣದವರಿಗೆ ಆ ಜಗಲಿಯೂ ಇಲ್ಲ.

ಹಾಗಿದ್ದರೆ ಕೇಳಿದ ಕಡೆ ಏನಾಯಿತು? ಪಕ್ಕದ ದಾವಣಗೆರೆಯನ್ನೇ ತೆಗೆದುಕೊಳ್ಳೋಣ. 2015ರ ಜೂನ್ 25ರಂದು ಆರಂಭವಾದ ಸ್ಮಾರ್ಟ್ ಸಿಟಿ ಮಿಷನ್‌ನಲ್ಲಿ 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ ಇಪ್ಪತ್ತು ನಗರಗಳಲ್ಲಿ ಬೆಳಗಾವಿಯೊಂದಿಗೆ ದಾವಣಗೆರೆಯೂ ಇತ್ತು. ಸ್ಪರ್ಧೆಯಲ್ಲಿ ನಾಗರಿಕರ ಅಭಿಪ್ರಾಯಕ್ಕೆ ಅಂಕವಿದ್ದುದರಿಂದ ಎಲ್ಲ ನಗರಗಳೂ ಜಾಲತಾಣದಲ್ಲಿ, ಶಾಲಾ ಕಾಲೇಜುಗಳಲ್ಲಿ, ಅರ್ಜಿ ಹಂಚಿ ಅಭಿಪ್ರಾಯ ಸಂಗ್ರಹಿಸಿದವು. ಆದರೆ ನಗರ ಆಯ್ಕೆಯಾದ ಮೇಲೆ ಹಣ ಮತ್ತು ಕಾಮಗಾರಿ ಹೋದದ್ದು ಕಂಪನಿ ಕಾಯ್ದೆಯಡಿ ನೋಂದಾಯಿಸಿದ ವಿಶೇಷ ಉದ್ದೇಶದ ಸಂಸ್ಥೆಯ ಕೈಗೆ. ಮತ ಹಾಕಿ ಆರಿಸಿದ ಪಾಲಿಕೆ ಅದರಲ್ಲಿ ಪಾಲುದಾರನಷ್ಟೇ. ಅಭಿಪ್ರಾಯ ಕೇಳುವ ಕೆಲಸ ಸ್ಪರ್ಧೆಗೆ ಮುನ್ನ ಮುಗಿಯಿತು, ತೀರ್ಮಾನದ ಕೆಲಸ ಸ್ಪರ್ಧೆಯ ನಂತರ ಶುರುವಾಯಿತು. 2025ರ ಮಾರ್ಚ್ 31ಕ್ಕೆ ಮಿಷನ್ ಮುಗಿದಾಗ ಸುಧಾರಿಸಿದ ರಸ್ತೆಗಳೂ ಬಸ್ ನಿಲ್ದಾಣಗಳೂ ಉಳಿದವು, ಅವುಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜನರನ್ನು ಕೇಳಿ ನಿರ್ಧರಿಸುವ ಒಂದು ಶಾಶ್ವತ ಅಭ್ಯಾಸ ಆ ಹತ್ತು ವರ್ಷಗಳಲ್ಲಿ ನಮ್ಮ ನಗರಾಡಳಿತಕ್ಕೆ ಅಂಟಲಿಲ್ಲ.

ಇನ್ನೊಂದು ಬಗೆಯ ಕೇಳುವಿಕೆಯ ಉದಾಹರಣೆ ಚಳ್ಳಕೆರೆ ತಾಲ್ಲೂಕಿನ ಮಗ್ಗುಲಲ್ಲೇ ಇದೆ. ಪಾವಗಡದ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿತು. ಅಲ್ಲಿ ಸರ್ಕಾರ ಜಮೀನನ್ನು ಕೊಳ್ಳಲಿಲ್ಲ. ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ ಐದರಷ್ಟು ಏರಿಕೆಯ ಕರಾರಿನ ಮೇಲೆ, ಗುತ್ತಿಗೆಗೆ ಪಡೆಯಿತು. ಭೂಮಿಯ ಒಡೆತನ ರೈತನಲ್ಲೇ ಉಳಿಯಿತು. ಬಲವಂತದ ಭೂಸ್ವಾಧೀನಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು, ದೇಶವೇ ಗಮನಿಸಿದ ಮಾದರಿ. ಆದರೂ ಅಲ್ಲಿ ಮಾತುಕತೆಗೆ ಕರೆದದ್ದು ಪಹಣಿಯಲ್ಲಿ ಹೆಸರಿದ್ದವರನ್ನು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ, ಬೆಳೆ ಕೊಯ್ದ ಮೇಲೆ ಕುರಿ ಬಿಡುತ್ತಿದ್ದವರಿಗೆ ಸಹಿ ಹಾಕುವ ಕಾಗದವೇ ಇರಲಿಲ್ಲ, ಬಾಡಿಗೆಯೂ ಬರಲಿಲ್ಲ. ಚಳ್ಳಕೆರೆಯ ಕಾವಲಿನಲ್ಲಿ ಪಹಣಿ ಸರ್ಕಾರದ ಹೆಸರಿನಲ್ಲಿತ್ತು, ಆದ್ದರಿಂದ ಕೇಳಬೇಕಾದ ರೈತ ಒಬ್ಬನೂ ಇಲ್ಲವೆಂದು ಭಾವಿಸಲಾಯಿತು. ಎರಡೂ ಕಡೆ ತಪ್ಪು ಒಂದೇ: ನೆಲಕ್ಕೆ ಒಡೆಯನಾದವನು ಮಾತ್ರ ಪಾಲುದಾರನೆಂಬ ನಂಬಿಕೆ. ನನ್ನ ವಾದವೂ ಇಲ್ಲಿಂದಲೇ ಹೊರಡುತ್ತದೆ. ಜನರ ಪಾಲ್ಗೊಳ್ಳುವಿಕೆಗೆ ಬೆಲೆ ಬರಬೇಕಾದರೆ ನೆಲ ಹಂಚುವ ಮುನ್ನ ಕೇಳಬೇಕು, ಮತ್ತು ಆ ನೆಲವನ್ನು ಬಳಸುವವರನ್ನೆಲ್ಲ ಕೇಳಬೇಕು. ಜಾಗ, ವಿಸ್ತೀರ್ಣ, ನೀರಿನ ಮೂಲ ಎಲ್ಲ ನಿರ್ಧಾರವಾದ ಮೇಲೆ ಕೇಳಿದರೆ ಜನರಿಗೆ ಉಳಿಯುವುದು ಉದ್ಯಾನದ ಬೆಂಚು ಎಲ್ಲಿರಬೇಕು ಎಂಬಂಥ ಪ್ರಶ್ನೆಗಳಷ್ಟೇ.

ಇದಕ್ಕೆ ಬರುವ ಮೊದಲ ಆಕ್ಷೇಪ ರಾಷ್ಟ್ರದ ಭದ್ರತೆಯದು. ಅಣು ಸಂಶೋಧನೆ, ಯುದ್ಧವಿಮಾನದ ಪರೀಕ್ಷೆಗಳನ್ನು ಗ್ರಾಮಸಭೆಯಲ್ಲಿ ಚರ್ಚಿಸಲಾಗುತ್ತದೆಯೇ ಎಂದು ಕೇಳುತ್ತಾರೆ. ಆಗುವುದಿಲ್ಲ, ಆಗಲೂಬಾರದು. ಗೋಡೆಯೊಳಗೆ ಯಾವ ಯಂತ್ರವಿದೆ, ಅದು ಏನು ಮಾಡುತ್ತದೆ ಎಂಬುದು ಗುಟ್ಟಾಗಿಯೇ ಇರಲಿ. ಆದರೆ ಗೋಡೆ ಎಲ್ಲಿ ಹಾದುಹೋಗುತ್ತದೆ ಎಂಬುದು ಗುಟ್ಟಲ್ಲ, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾವ ಹಳ್ಳದ ನೀರು ಯಾವ ಕೆರೆಗೆ ಹೋಗುತ್ತಿತ್ತು, ಗೋಡೆ ಬಂದ ಮೇಲೆ ಎತ್ತ ತಿರುಗುತ್ತದೆ, ಕುಡಿಯುವ ನೀರಿಗೆ ಯೋಜನೆ ಯಾವ ಮೂಲವನ್ನು ಬಳಸುತ್ತದೆ, ಹಟ್ಟಿಯಿಂದ ಮೇವಿಗೆ ಹೋಗುವ ದಾರಿಗೆ ಬದಲಿ ಏನು ಎಂಬ ಪ್ರಶ್ನೆಗಳಲ್ಲಿ ಶತ್ರುವಿಗೆ ದಕ್ಕುವಂಥದ್ದು ಏನೂ ಇಲ್ಲ. ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಬರುವ, ದೂರದ ತುಂಗಭದ್ರೆಯ ಹಿನ್ನೀರಿನಿಂದ ಕುಡಿಯುವ ನೀರು ತರಬೇಕಾದ ಸೀಮೆಯಲ್ಲಿ ನೀರಿನ ಪ್ರಶ್ನೆಯನ್ನು ರಕ್ಷಣಾ ರಹಸ್ಯದ ಕಪಾಟಿನಲ್ಲಿ ಇಡುವುದು ನ್ಯಾಯವಲ್ಲ. ಅಷ್ಟೇ ಅಲ್ಲ, ವಿಜ್ಞಾನ ನಗರಿಯ ಎಲ್ಲ ಭಾಗವೂ ರಹಸ್ಯದ್ದಲ್ಲ. ಶಿಕ್ಷಕರಿಗೆ ತರಬೇತಿ ನಡೆಯುವ ಕ್ಯಾಂಪಸ್ಸಿಗಾಗಲಿ, ಸೌರ ಫಲಕಗಳಿಗಾಗಲಿ ಭದ್ರತೆಯ ವಿನಾಯಿತಿ ಅನ್ವಯಿಸಬೇಕಾದ ಕಾರಣವೇ ಇಲ್ಲ.

ಎರಡನೆಯದು, ಅದು ಸರ್ಕಾರಿ ಜಮೀನು, ಬಂಜರು ಬಿದ್ದಿತ್ತು, ಒಳ್ಳೆಯ ಕೆಲಸಕ್ಕೆ ಬಳಕೆಯಾಯಿತು ಎಂಬ ಮಾತು. ಮರವಿಲ್ಲದ ನೆಲವನ್ನು ಬಂಜರೆಂದು ಬರೆಯುವುದು ಕಂದಾಯ ದಾಖಲೆಗಳ ಹಳೆಯ ರೂಢಿ. ಕಂದಾಯ ಇಲಾಖೆಯ ಕಣ್ಣಿಗೆ ಕಂದಾಯ ಕೊಡದ ಭೂಮಿ ಬಂಜರು, ಅರಣ್ಯ ಇಲಾಖೆಯ ಕಣ್ಣಿಗೆ ಮರವಿಲ್ಲದ ಭೂಮಿ ಬಂಜರು. ಹುಲ್ಲುಗಾವಲು ಇಬ್ಬರ ಕಣ್ಣಿಗೂ ಬೀಳದೆ ಹೋಯಿತು. 2011ರ ಜನವರಿಯಲ್ಲಿ ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರಿನ ಸಮುದಾಯ ಭೂಮಿಗಳು ಸಮುದಾಯದ ಬಳಕೆಗೇ ಉಳಿಯಬೇಕೆಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಅದಕ್ಕೂ ಮೊದಲೇ 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನೂ ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನೂ ಹೆಸರಿಸಿ ಮಾನ್ಯ ಮಾಡಿತು. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಗಣಿಗಾರಿಕೆ ಬೇಕೇ ಬೇಡವೇ ಎಂಬುದನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಸುಪ್ರೀಂ ಕೋರ್ಟು ಹೇಳಿದಾಗ ಹನ್ನೆರಡು ಗ್ರಾಮಸಭೆಗಳು ಸೇರಿ, ಚರ್ಚಿಸಿ, ಬೇಡವೆಂದು ತೀರ್ಮಾನಿಸಿದವು, ಆಡಳಿತ ಕುಸಿದುಬೀಳಲಿಲ್ಲ. ಚಳ್ಳಕೆರೆಯಲ್ಲಿ ಕೇಳಿದ್ದರೆ ಉತ್ತರ ಬೇಡವೆಂದೇ ಬರುತ್ತಿತ್ತೆಂದು ನಾನು ಹೇಳಲಾರೆ. ಕೆಲಸದ ಆಸೆ, ಊರಿಗೆ ರಸ್ತೆ ಬರುತ್ತದೆಂಬ ನಿರೀಕ್ಷೆ ಇಲ್ಲೂ ಇತ್ತು, ಅದು ನ್ಯಾಯವಾದದ್ದೇ. ಬಹುಶಃ ಇಷ್ಟು ಜಾಗ ಸಾಕು, ಈ ದಾರಿ ಬಿಡಿ, ಈ ಕಟ್ಟೆ ನಮಗಿರಲಿ, ಮಕ್ಕಳಿಗೆ ಇಂಥ ಕೆಲಸ ಕೊಡಿ ಎಂಬ ಒಪ್ಪಂದಕ್ಕೆ ಮಾತು ಬರುತ್ತಿತ್ತು. ಆ ಒಪ್ಪಂದದ ಅವಕಾಶ ಕೈತಪ್ಪಿತು.

ಕೇಳುತ್ತಾ ಕೂತರೆ ಅಭಿವೃದ್ಧಿ ತಡವಾಗುತ್ತದೆ ಎಂಬುದು ಎಲ್ಲೆಡೆ ಕೇಳಿಬರುವ ವಾದ. ಕೇಳದೇ ಇದ್ದುದರಿಂದ ಇಲ್ಲಿ ಸಮಯ ಉಳಿಯಿತೇ? ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನ ಲಿಯೊ ಸಲ್ಡಾನ ಮತ್ತು ಸ್ಥಳೀಯ ಹೋರಾಟಗಾರರು ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಮಂಡಳಿ ಇಬ್ಬರು ತಜ್ಞರ ಸತ್ಯಶೋಧನಾ ಸಮಿತಿಯನ್ನು ಕಾವಲುಗಳಿಗೆ ಕಳಿಸಿತು, ವಿಚಾರಣೆ ನಡೆಯಿತು, 2014ರ ಆಗಸ್ಟ್‌ನಲ್ಲಿ ತೀರ್ಪು ಬಂದಿತು. ಯೋಜನೆಗಳು ನಿಲ್ಲಲಿಲ್ಲ, ಪರಿಸರ ಕಾನೂನಿನ ಅನುಮತಿಗಳನ್ನು ಪಡೆಯಬೇಕೆಂಬ ಷರತ್ತು ಉಳಿಯಿತು. ಸಂಸ್ಥೆಗಳಿಗೆ ಅನಿಶ್ಚಿತತೆ, ಹಳ್ಳಿಯವರಿಗೆ ಚೆನ್ನೈವರೆಗಿನ ಓಡಾಟ, ಕೊನೆಗೆ ಇಬ್ಬರಿಗೂ ತೃಪ್ತಿಯಿಲ್ಲ. ನ್ಯಾಯಾಲಯ ಸರಿ-ತಪ್ಪನ್ನು ತೂಗಬಲ್ಲದು. ಯಾವ ಕಟ್ಟೆಯ ನೀರಿಗೆ ಯಾವ ಹಟ್ಟಿಯ ಮಂದೆ ಹೋಗಬೇಕೆಂದು ಕೂತು ಹೊಂದಿಸುವುದು ಅದರ ಕೆಲಸವಲ್ಲ. ಅದನ್ನು ಆರಂಭದಲ್ಲೇ ಆರು ತಿಂಗಳು ಕೂತು ಮಾಡಬಹುದಿತ್ತು.

ನಾಲ್ಕನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಯೋಜನೆ ಮಾಡುವುದು ಪರಿಣತರ ಕೆಲಸ, ಜನರಿಗೆ ಅದರ ತಾಂತ್ರಿಕತೆ ತಿಳಿಯುವುದಿಲ್ಲ. ಇದಕ್ಕೆ ಉತ್ತರವನ್ನು ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಹುಡುಕೋಣ. ಭೌಗೋಳಿಕ ಗುರುತು ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆಯನ್ನು ನೇಯುವ ಕೈಮಗ್ಗಗಳಲ್ಲಿ ಗುಂಡಿಮಗ್ಗಗಳೂ ಇವೆ. ನೇಕಾರ ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಮಣೆ ಒತ್ತುತ್ತಾನೆ. ಮನೆಯೇ ಕಾರ್ಖಾನೆ, ನೆಲದಡಿಯ ಒಂದೆರಡು ಮೊಳದ ಆಳವೇ ಅವನ ಅನ್ನ. ಈಗ ಬೀದಿಗೆ ಕಾಂಕ್ರೀಟ್ ಹಾಕುವ ಕಾಮಗಾರಿ ಬಂತೆನ್ನಿ. ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಮತ್ತೊಂದು ಪದರ ಹಾಕಿದರೆ ಬೀದಿ ಹೊಸ್ತಿಲಿಗಿಂತ ಮೇಲಾಗುತ್ತದೆ. ಮಳೆಗೆ ಚರಂಡಿ ತುಂಬಿದೊಡನೆ ನೀರು ಮನೆಗೆ ನುಗ್ಗಿ ಮೊದಲು ತುಂಬುವುದು ಆ ಗುಂಡಿಯನ್ನು. ಹಾಸು ನೆನೆಯುತ್ತದೆ, ಮಗ್ಗ ನಿಲ್ಲುತ್ತದೆ, ಗುಂಡಿಯ ತೇವ ಆರುವವರೆಗೆ ದಿನಗಟ್ಟಲೆ ಕೂಲಿ ಇಲ್ಲ. ಎಸ್ಟಿಮೇಟ್ ಬರೆಯುವ ಎಂಜಿನಿಯರಿಗೆ ಕಾಂಕ್ರೀಟಿನ ಬಲ ಗೊತ್ತು, ಇಳಿಜಾರಿನ ಲೆಕ್ಕ ಗೊತ್ತು. ಹೊಸ್ತಿಲಿನಾಚೆ ಗುಂಡಿ ಇದೆಯೆಂಬುದು ಅವರ ನಕ್ಷೆಯಲ್ಲಿರುವುದಿಲ್ಲ. ಆ ಬೀದಿಯ ಹತ್ತು ಮಂದಿಯನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರೆ ಆ ಮಾಹಿತಿ ಸಿಗುತ್ತದೆ; ಬಣ್ಣ ಹಾಕಿದ ನೀರು ಯಾವ ಚರಂಡಿಗೆ ಹೋಗುತ್ತದೆ, ಅದನ್ನು ಬೇರ್ಪಡಿಸಲು ಎಲ್ಲಿ ಜಾಗವಿದೆ ಎಂಬುದೂ ಸಿಗುತ್ತದೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ನಗರದ ಬಜೆಟ್ಟಿನ ಆದ್ಯತೆಗಳನ್ನು ಬಡಾವಣೆಗಳ ಸಭೆಗಳಲ್ಲಿ ನಿರ್ಧರಿಸಲು ಶುರುಮಾಡಿದಾಗ ನೀರು ಮತ್ತು ಒಳಚರಂಡಿಯಂಥ ಕಣ್ಣಿಗೆ ಕಾಣದ ಕೆಲಸಗಳು ಮುಂದಕ್ಕೆ ಬಂದದ್ದು ಇದೇ ಕಾರಣಕ್ಕೆ. ಪರಿಣತರ ಲೆಕ್ಕಕ್ಕೆ ಬೇಕಾದ ಅರ್ಧದಷ್ಟು ಅಂಕಿಗಳು ಜನರ ದಿನನಿತ್ಯದಲ್ಲಿ ಇರುತ್ತವೆ.

ಚುನಾಯಿತ ಪ್ರತಿನಿಧಿಗಳು ಇದ್ದಾರಲ್ಲ, ಮತ್ತೆ ಜನರನ್ನು ಬೇರೆ ಕೇಳಬೇಕೇ ಎಂಬ ಮಾತಿನಲ್ಲಿ ನಿಜವಿದೆ. ನಮ್ಮ ಸಂವಿಧಾನ ಇದಕ್ಕೆಂದೇ ಒಂದು ವೇದಿಕೆಯನ್ನು ಕಟ್ಟಿಕೊಟ್ಟಿದೆ, ಅದರ ಹೆಸರು ಜಿಲ್ಲಾ ಯೋಜನಾ ಸಮಿತಿ. 243ಝಡ್‌ಡಿ ವಿಧಿಯ ಪ್ರಕಾರ ಅದರ ಐದರಲ್ಲಿ ನಾಲ್ಕು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಾಡಳಿತಗಳ ಚುನಾಯಿತರಿಂದ, ಅವರಲ್ಲೇ ಆಯ್ಕೆಯಾಗಬೇಕು. ಪಂಚಾಯಿತಿಗಳಿಗೂ ಪಟ್ಟಣಗಳಿಗೂ ಸಮಾನ ಹಿತವಿರುವ ವಿಷಯಗಳು, ಅಂದರೆ ನೆಲದ ಬಳಕೆ, ನೀರಿನ ಹಂಚಿಕೆ, ಪರಿಸರ ಸಂರಕ್ಷಣೆ, ಇವೆಲ್ಲ ಅದರ ಕರಡು ಯೋಜನೆಯಲ್ಲಿ ಬರಬೇಕೆಂದು ವಿಧಿಯೇ ಹೇಳುತ್ತದೆ. ಕಾವಲು ಮತ್ತು ಪಟ್ಟಣವನ್ನು ಒಂದೇ ಹಾಳೆಯ ಮೇಲೆ ನೋಡಲು ಇದಕ್ಕಿಂತ ಸರಿಯಾದ ಜಾಗ ಬೇರೆ ಇಲ್ಲ. ದುಃಖದ ಸಂಗತಿಯೆಂದರೆ ರಾಜ್ಯದ ಬಹುತೇಕ ಕಡೆ ಈ ಸಮಿತಿಗಳು ಇಲಾಖೆಗಳ ಪಟ್ಟಿಗೆ ಒಪ್ಪಿಗೆಯ ಮುದ್ರೆ ಒತ್ತುವ ಸಭೆಗಳಾಗಿವೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪ್ರತಿನಿಧಿಗಳಿದ್ದಾರೆ ಎಂದು ಹೇಳುವವರು ಮೊದಲು ಆ ಪ್ರತಿನಿಧಿಗಳ ಕುರ್ಚಿ ಭರ್ತಿಯಾಗುವಂತೆ ನೋಡಿಕೊಳ್ಳಬೇಕು.

ಕೇಳುವ ರೀತಿಯೂ ಮುಖ್ಯ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ ದಶಕಗಳಿಂದಲೂ ಇದೆ. ಮಹಾಯೋಜನೆಯ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕೆಂದು ಅದು ಹೇಳುತ್ತದೆ. ಪ್ರಕಟಣೆಯೆಂದರೆ ರಾಜ್ಯಪತ್ರದಲ್ಲಿ ಒಂದು ಪುಟ, ಕಚೇರಿಯ ಗೋಡೆಗೆ ಸರ್ವೆ ನಂಬರುಗಳ ನಕ್ಷೆ ಎಂದಾದರೆ ಕುರಿ ಕಾಯುವವರಿಗೆ ಅದು ಯಾವತ್ತೂ ತಲುಪುವುದಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಸುವರ್ಣಗಿರಿಯ ಅಧಿಕಾರಿಗಳು ಇಲ್ಲಿನ ಇಸಿಲದ ಅಧಿಕಾರಿಗಳಿಗೆ ಕಳಿಸಿದ ರಾಜನ ಮಾತನ್ನು ಜನ ಓಡಾಡುವ ಕಡೆ ಬಂಡೆಯ ಮೇಲೆ ಕೆತ್ತಿಸಿದರು. ಹಾಗೆಯೇ ಇಂದು ನೋಟಿಸು ಹಟ್ಟಿಗೆ ಹೋಗಬೇಕು, ತಮಟೆ ಹೊಡೆಸಿ ಸಾರಬೇಕು, ಸಂತೆಯ ದಿನ ಓದಬೇಕು, ಮೊಬೈಲಿಗೆ ಕನ್ನಡದ ಧ್ವನಿ ಸಂದೇಶವಾಗಿ ಬರಬೇಕು. ನಕ್ಷೆಯಲ್ಲಿ ಸರ್ವೆ ನಂಬರಿನ ಜೊತೆಗೆ ಹಳ್ಳ, ಕಟ್ಟೆ, ಗುಡಿ, ಗುಂಡುತೋಪಿನ ಹೆಸರು ಬರೆದಿರಬೇಕು. ಮಂದೆಗಳೊಂದಿಗೆ ಗಂಡಸರು ದೂರ ಹೋಗಿರುವ ಬೇಸಿಗೆಯಲ್ಲಿ ಸಭೆ ಕರೆದು ಯಾರೂ ಬರಲಿಲ್ಲವೆಂದು ನಡಾವಳಿ ಬರೆಯಬಾರದು. ಉಣ್ಣೆ ನೂಲುವ ಹೆಂಗಸರನ್ನು ಪ್ರತ್ಯೇಕವಾಗಿ ಕೂರಿಸಿ ಕೇಳಬೇಕು. ಹೇಳಿದ ಪ್ರತಿಯೊಂದು ಮಾತಿಗೂ ಒಪ್ಪಿದ್ದೇವೆ ಅಥವಾ ಈ ಕಾರಣಕ್ಕೆ ಒಪ್ಪಿಲ್ಲ ಎಂಬ ಲಿಖಿತ ಉತ್ತರ ಅದೇ ಹಟ್ಟಿಗೆ ಮರಳಿ ಬರಬೇಕು.

ಚಳ್ಳಕೆರೆಯಲ್ಲಿ ಆದದ್ದು ಆಗಿಹೋಯಿತು, ರನ್‌ವೇ ಕಿತ್ತು ಹುಲ್ಲು ಬೆಳೆಸಲಾಗದು. ಆದರೆ ಮಾಡಬಹುದಾದದ್ದು ಇನ್ನೂ ಬಹಳ ಇದೆ. ಬೇಲಿಯೊಳಗಿನ ನೆಲವೆಲ್ಲ ಕಟ್ಟಡವಾಗಿಲ್ಲ. ಭದ್ರತೆಗೆ ಅಡ್ಡಿಯಿಲ್ಲದ ಕಡೆ ಯಾವ ತಿಂಗಳಲ್ಲಿ ಎಷ್ಟು ರಾಸು, ಎಷ್ಟು ಕುರಿ ಮೇಯಬಹುದೆಂದು ಸುತ್ತಲಿನ ಪಂಚಾಯಿತಿಗಳೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬಹುದು, ಮೇಯಲು ಬಿಡಲಾಗದ ಕಡೆ ಹುಲ್ಲು ಕೊಯ್ದುಕೊಳ್ಳಲು ಬಿಡಬಹುದು. ಪರಿಸರ ವಿಜ್ಞಾನದಲ್ಲಿ ದೇಶಕ್ಕೇ ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆ ತನ್ನ 1,500 ಎಕರೆಯಲ್ಲಿ ಇದಕ್ಕೆ ಮಾದರಿ ಹಾಕಿಕೊಡಲು ಎಲ್ಲರಿಗಿಂತ ಸಮರ್ಥವಾಗಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಉಳಿದ ಕಾವಲುಗಳ ಹುಲ್ಲು, ನೀರು, ದಾರಿಗಳನ್ನು ಕುರಿಗಾಹಿಗಳ, ಕಿಲಾರಿಗಳ ಬಾಯಿಂದಲೇ ಕೇಳಿ ದಾಖಲಿಸಬಹುದು. ಚಳ್ಳಕೆರೆ ನಗರಸಭೆ ಮತ್ತು ಮೊಳಕಾಲ್ಮುರು ಪಟ್ಟಣ ಪಂಚಾಯಿತಿಗಳು ಕಾನೂನಿನ ಒತ್ತಾಯಕ್ಕೆ ಕಾಯದೆ ವಾರ್ಡ್ ಸಭೆಗಳನ್ನು ಶುರುಮಾಡಿ ಚರಂಡಿ, ಕೆರೆ, ರಸ್ತೆಯ ಎತ್ತರದ ಪ್ರಶ್ನೆಗಳನ್ನು ಕಾಮಗಾರಿಯ ಎಸ್ಟಿಮೇಟಿಗೆ ಮುನ್ನ ಅಲ್ಲಿಗೆ ತರಬಹುದು. ಇನ್ನು ರಾಜ್ಯ ಸರ್ಕಾರ ಮಾಡಬೇಕಾದದ್ದು ಒಂದೇ ಒಂದು ಆದೇಶ: ನೂರು ಎಕರೆಗಿಂತ ಹೆಚ್ಚಿನ ಕಾವಲು, ಗೋಮಾಳ ಅಥವಾ ಸಮುದಾಯ ಭೂಮಿಯನ್ನು ಯಾರಿಗೇ ಮಂಜೂರು ಮಾಡುವ ಮುನ್ನ ಸುತ್ತಲಿನ ಗ್ರಾಮಸಭೆಗಳ ಮತ್ತು ಹತ್ತಿರದ ಪಟ್ಟಣದ ವಾರ್ಡ್ ಸಭೆಗಳ ನಡಾವಳಿ ಕಡತದಲ್ಲಿರಬೇಕು, ಅದು ಇಲ್ಲದ ಪ್ರಸ್ತಾವವನ್ನು ಜಿಲ್ಲಾಧಿಕಾರಿ ಮುಂದಕ್ಕೆ ಕಳಿಸಬಾರದು. ಮಧ್ಯ ಕರ್ನಾಟಕದ ಬಯಲಿನಲ್ಲಿ ಸೌರ ವಿದ್ಯುತ್, ಗಾಳಿ ವಿದ್ಯುತ್, ಕೈಗಾರಿಕೆಗಳಿಗೆ ಜಾಗ ಹುಡುಕುವ ಕೆಲಸ ಇನ್ನೂ ನಡೆದಿದೆ. ಮುಂದಿನ ಕಡತ ಯಾವ ಕಾವಲಿನದೋ, ಆ ಆದೇಶ ಅದಕ್ಕೆ ಮೊದಲೇ ಹೊರಬೀಳಬೇಕು.